ನಾಲಾಕ್ಕೆ ಉಡಿ ತುಂಬಿದ ದಿನ

ಘಾಟ್ಕೋಪರ್, ಮುಂಬಯಿ
೧೬ ಜೂನ್ ೧೯೭೪

ಅಕ್ಕರೆಯ ಸುಂದ್ರಕ್ಕನಿಗೆ,

ನಿನ್ನ ಭಾಗವ್ವನ ಶರಣು. ನಾವಿಲ್ಲಿ ಇದ್ದೇವೆ. ನೀನು, ಮಾವ, ಮಕ್ಕಳು ಬಾಗಲಕೋಟೆಯಲ್ಲಿ ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದಗಳು ಒಂದರ ಹಿಂದೆ ಒಂದು ಬಂದವು. ಪಾರ್ಸೆಲ್ಲೂ ಮುಟ್ಟಿತು. ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಅಥವಾ ಬೈ, ನೀನು ಚಾಳು ಬಿಟ್ಟು ಹೋದ ಮೇಲೆ ನನ್ನನ್ನು ಬೈಯುವವರೇ ಇಲ್ಲ. ಪೆನ್ನು ಹಿಡಿದಾಗಲೆಲ್ಲ ಏನೋ ಕೆಲಸ ನೆನಪಾಗಿ ಎದ್ದುಬಿಡುತ್ತಿದ್ದೆ.

ಮೊದಲು ನಾಲಾದ ಸುದ್ದಿ. ಚಾಳಿನ ಹಿಂದೆ ನೀನು ಮೂಗಿಗೆ ಸೆರಗು ಹಿಡಿದು ದಾಟುತ್ತಿದ್ದೆಯಲ್ಲ, ಅದೇ ಕೊಳಚೆ ಕಾಲುವೆ. ಗುಡ್ಡದ ನೀರಿಗೆ ದಾರಿ ಇಲ್ಲದಂತೆ ಕಸ-ಕಚರಾ ತುಂಬಿ, ಹೋದ ಮಳೆಗಾಲ ನೀರು ಹೊಸ್ತಿಲು ದಾಟಿ ಒಲೆಯವರೆಗೆ ಬಂತು. ಈ ವರ್ಷ ಅದನ್ನು ಒಳಗೆ ಬಿಡಬಾರದೆಂದು ಹಟ ತೊಟ್ಟೆ. ಮುನ್ಸಿಪಾಲ್ಟಿ ಆಫೀಸಿನ ಸಾಹೇಬರೊಬ್ಬರು, "ಟೆಂಡರ್ ಆಗಬೇಕು ಬಾಯಿ, ದಿವಾಳಿ ಹಬ್ಬ ಮುಗಿಯಲಿ" ಅಂದರು. ಅಷ್ಟರಲ್ಲಿ ನಾವು ತೇಲಿಹೋಗಿರುತ್ತೇವೆ ಸಾಹೇಬ, ಅಂದು ಬಂದೆ.

ಐತವಾರ ಬಿಲ್ಡಿಂಗ್ ಕೆಲಸದ ಬುಟ್ಟಿಯನ್ನೇ ತಂದು ಒಬ್ಬಳೇ ನಾಲಾಕ್ಕೆ ಇಳಿದೆ. ಚಾಳಿನವರು ಕಟಾಂಜನಕ್ಕೆ ಒರಗಿ ನಕ್ಕರು. "ಏ, ಮ್ಯಾಲ ಬಾ. ಮಂದಿ ನಗಾಕತ್ತಾರ" ಅಂದರು ನಮ್ಮ ಮನೆಯವರು. "ನಗಲಿ ಬಿಡ್ರಿ, ಅವರ ಹಲ್ಲು ಅವರವು" ಅಂದೆ. ಅವರು ಒಳಗೆ ಹೋದರು. ಆಮೇಲೆ ಸಲಿಕೆ ತಂದು ತಾವೂ ಇಳಿದರು.

ಮುಂದಿನ ವಾರ ನಮ್ಮ ಗ್ಯಾಂಗಿನವರೆಲ್ಲ ಬಂದರು. ಮೇಸ್ತ್ರಿ ಸಾಯಬಣ್ಣ ದಂಡೆಗೆ ಕಲ್ಲು ಕೂಡಿಸಿದ. ಮೂಲೆಯ ಉಡುಪಿ ಹೋಟೆಲಿನ ಪೂವಪ್ಪಣ್ಣ, "ಎಂಥದು ಮಾರಾಯ್ತಿ, ಬರೀ ಕಲ್ಲಿಟ್ಟರೆ ಮಣ್ಣು ನಿಲ್ಲುವುದುಂಟಾ?" ಎಂದು ಬಾಳೆಯ ಕಂದು, ಕೆಸುವಿನ ಗಡ್ಡೆ, ಹೊಂಗೆಯ ಸಸಿ ತಂದು ನೆಟ್ಟ. ಎಲ್ಲರಿಗೂ ಚಹಾವೂ ಅವನದೇ.

ಆದರೆ ಬೆಳಿಗ್ಗೆ ನಾವು ಎತ್ತಿದ್ದನ್ನು ಸಂಜೆ ಮೇಲಿನ ಮಹಡಿಯವರು ತುಂಬುತ್ತಿದ್ದರು. ಅಲ್ಲಿಯ ನೀಲಾಬಾಯಿಗೂ ನನಗೂ ದೊಡ್ಡ ಜಗಳವೇ ಆಯಿತು. "ಮಗ ಕಚರಾ ಕುಠೇ ಟಾಕೂ? ತುಝ್ಯಾ ಡೋಕ್ಯಾವರ?" ಅಂದಳು. ಕಸ ಮತ್ತೆಲ್ಲಿ ಹಾಕಲಿ, ನಿನ್ನ ತಲೆಯ ಮೇಲೆ ಹಾಕಲೇ ಅಂತ! ಬುಟ್ಟಿ ಬಿಸಾಡಿ ಮನೆಗೆ ಬಂದು ಅತ್ತೆ. ಜಗಳಕ್ಕಲ್ಲ ಅಕ್ಕ, ಮಳೆ ಹತ್ತಿರ ಬರುತ್ತಿತ್ತು.

ಆಗ ಕೊನೆಯ ಖೋಲಿಯ ಮುದುಕಿ ಮಲ್ಲಕ್ಕ ಒಂದು ಮಾತು ತೆಗೆದಳು. "ನನ್ನ ಸೊಸಿ ಹಡದಾಳ. ಊರಾಗಾದ್ರ ಬಾಣಂತಿ ಬಾವಿಗೆ ಹೋಗಿ ಗಂಗಿ ಪೂಜಿ ಮಾಡಿ ನೀರು ತರತಿದ್ಲು. ಇಲ್ಲಿ ನಳಕ್ಕ ಮಾಡ್ತೀವಿ. ಈ ಸಲ ನಾಲಾಕ್ಕ ಮಾಡೂಣು. ಪೂಜಿ ಮಾಡಿದ ನೀರಾಗ ಹೊಲಸ ಚೆಲ್ಲಾಕ ಯಾರಿಗಿ ಧೈರ್ಯ ಆಕ್ಕೈತಿ ನೋಡೂಣು!"

ಎಲ್ಲರೂ ನಕ್ಕರು, ಎಲ್ಲರೂ ಬಂದರು. ದಂಡೆಯ ಮೇಲೆ ಐದು ಕಲ್ಲು ತೊಳೆದಿಟ್ಟು, ಅರಿಸಿನ ಕುಂಕುಮ ಹಚ್ಚಿ, ಅಕ್ಕಿ, ಕೊಬ್ಬರಿ, ಕುಪ್ಪಸದ ಕಣದಿಂದ ಗಂಗೆಗೆ ಉಡಿ ತುಂಬಿದರು. ನಾನು ಮನೆಯಲ್ಲಿ ಹೋಳಿಗೆ ಬೇಯಿಸುತ್ತ ಕಿಟಕಿಯಿಂದ ನೋಡಿದೆ. ಬಾಣಂತಿಯ ಕೈಯಲ್ಲಿ ತಂಬಿಗೆ, ಮಲ್ಲಕ್ಕನ ತೋಳಿನಲ್ಲಿ ಕೂಸು. ಕೂಸಿನ ತಲೆಗೆ ಕೆಂಪು ಕುಂಚಿಗೆ, ಅಂಚಿಗೆ ಹಸಿರು ಗೊಂಡೆ. ನೀಲಾಬಾಯಿಯೂ ಇಳಿದು ಬಂದು ಕೈ ಮುಗಿದಳು. ಮರುದಿನ ಯಾರೋ ಡಬ್ಬಿ ಸುರಿಯಲು ಹೋದರೆ ಅವಳೇ, "ಏ! ಗಂಗಾಮಾಯ್ ಆಹೇ ತೀ!", ಅದು ಗಂಗಮ್ಮ, ಎಂದು ಇಡೀ ಚಾಳು ಕೇಳುವಂತೆ ಕೂಗಿದಳು. ಶಿವನೇ, ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮೊನ್ನೆ ಮಧ್ಯಾಹ್ನ ದೊಡ್ಡ ಮಳೆ ಬಿತ್ತು. ನಾನು ಕೆಲಸಕ್ಕೆ ಹೋಗದೆ ಹೊಸ್ತಿಲಲ್ಲಿ ಕೂತಿದ್ದೆ. ನಾಲಾ ತುಂಬಿ ಹರಿಯಿತು, ಬಾಳೆಯ ಬುಡ ಮುಳುಗಿತು. ಹೊಸ್ತಿಲು ಮಾತ್ರ ನೆನೆಯಲಿಲ್ಲ.

ಮಕ್ಕಳನ್ನು ತಬ್ಬಿಕೊಂಡೆನೆಂದು ಹೇಳು. ಬಸವಣ್ಣ ಅವರಿಗೆ ನೂರು ವರ್ಷ ಕೊಡಲಿ, ನಿನ್ನ ಮನೆ ತುಂಬಿರಲಿ.

ನಿನ್ನ ತಂಗಿ,
ಭಾಗವ್ವ

ತಾ.ಕ.: ಇದು ಮರೆತದ್ದಲ್ಲ, ಬರೆಯಲಾರದೆ ಬಿಟ್ಟದ್ದು. ಪ್ರತಿ ಕಾಗದದಲ್ಲೂ "ಕೂಸು ಹೆಂಗೈತಿ, ಹಲ್ಲು ಬಂದುವೇನು?" ಎಂದು ಕೇಳಿದ್ದೀ. ಕೂಸು ಇಲ್ಲ, ಅಕ್ಕ. ಹೋದ ಶ್ರಾವಣದಲ್ಲಿ ಆ ನೀರು ಮನೆಯೊಳಗೆ ನಿಂತಿತು, ನಳದಲ್ಲೂ ಅದೇ ನಾತ ಬಂತು. ವಾಂತಿಭೇದಿಯಾಗಿ ನನ್ನ ಕೂಸು ಹೋಯಿತು. ನಾನೂ ಹಡೆದು ಅದೇ ನಳಕ್ಕೆ ಪೂಜೆ ಮಾಡಿದ್ದೆ.

ಅದಕ್ಕೇ ನಾಲಾದ ಪೂಜೆಗೆ ನನ್ನನ್ನು ಕರೆಯಲಿಲ್ಲ. ಕೂಸು ಕಳೆದುಕೊಂಡವಳು ಬಾಣಂತಿಯ ಪಕ್ಕ ನಿಲ್ಲಬಾರದಂತೆ. ಮಲ್ಲಕ್ಕ ಕೆಟ್ಟವಳಲ್ಲ. ಹಿಂದಿನ ದಿನ ಬಂದು ಕೈ ಹಿಡಿದು, "ನೀ ಹೋಳಿಗಿ ನೋಡಕೋವಾ, ನಿನ್ನಂಗ ಯಾರಿಗೂ ಬರೂದಿಲ್ಲ" ಅಂದಳು, ನನ್ನ ಕಣ್ಣು ನೋಡಲಿಲ್ಲ. ನಾನು ಬುಟ್ಟಿ ಹೊತ್ತ ದಂಡೆ ಅಕ್ಕ ಅದು.

ಅವಳು ಹೋಗಲು ಏಳುವಾಗ ಪೆಟ್ಟಿಗೆ ತೆಗೆದು ನಿನ್ನ ಕುಂಚಿಗೆ ಕೊಟ್ಟೆ. ನೀನು ಕಳಿಸಿದ ಪಾರ್ಸೆಲ್ ಬರುವಷ್ಟರಲ್ಲಿ ನನ್ನ ಕೂಸು ಹೋಗಿತ್ತು. ಮಡಿಕೆ ಸಹ ಬಿಚ್ಚಿರಲಿಲ್ಲ. ಯಾರಿಗಾಗಿ ಹೊಲಿದದ್ದೆಂದು ಮಲ್ಲಕ್ಕನಿಗೆ ಹೇಳಲಿಲ್ಲ. ನಾನು ಹೋಗದಿದ್ದರೂ ಅದಾದರೂ ನೀರಿನವರೆಗೆ ಹೋಗಲಿ ಅನಿಸಿತು. ಅಳತೆ ಸರಿಯಾಗಿ ಕೂತಿತ್ತು, ಅಕ್ಕ.