ನಡುವೆ ಹುಟ್ಟು

ಹಿನ್ನೀರನಾಡು, ಹದಿನಾಲ್ಕನೆಯ ತೇಲುಕೇರಿ
ಪ್ರಭವ ಸಂವತ್ಸರ, ಕಾರ್ತಿಕ ಮಾಸ. ಹಳೆಯ ಲೆಕ್ಕದಲ್ಲಿ ಕ್ರಿ.ಶ. ೨೩೪೭

ಆರು ಪ್ರಭವಗಳ ಆಚೆ ಈ ಪೆಟ್ಟಿಗೆ ತೆರೆಯುವವರಿಗೆ,

ನೀವು ಯಾರ ಮಕ್ಕಳೋ, ನೀರಿನ ಮೇಲಿದ್ದೀರೋ ನೆಲದ ಮೇಲಿದ್ದೀರೋ ನನಗೆ ಗೊತ್ತಿಲ್ಲ. ಅರವತ್ತು ವರ್ಷಕ್ಕೊಮ್ಮೆ ಬರುವ ಪ್ರಭವ ಇನ್ನು ಆರು ಸಲ ಬಂದಾಗ ಈ ಪೆಟ್ಟಿಗೆ ತೆರೆಯಬೇಕೆಂಬುದು ನಮ್ಮ ಟಂಕಸಾಲೆಯ ನಿಯಮ. ಅಷ್ಟು ಹೊತ್ತಿಗೆ ನಮ್ಮ ಕನ್ನಡ ನಿಮ್ಮ ಬಾಯಲ್ಲಿ ಏನಾಗಿರುತ್ತದೋ! ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಉಳಿದ ಪದಗಳನ್ನು ಹೇಗೆ ಬೇಕಾದರೂ ಓದಿಕೊಳ್ಳಿ, ಒಂದನ್ನು ಮಾತ್ರ ನಿಧಾನವಾಗಿ ಓದಿ. ಅದು ‘ಹುಟ್ಟು’. ಆ ಎರಡಕ್ಷರವನ್ನು ನಾನು ಅವಸರದಲ್ಲಿ ಓದಿದೆ.

ನಾನು ಹೊಳೆಬಸಪ್ಪ ಅಂಬಿಗೇರ. ಎಪ್ಪತ್ತು ವರ್ಷ. ನಾಣ್ಯದ ಅಚ್ಚು ಕೆತ್ತುವುದು ನನ್ನ ಕೆಲಸ. ನಮ್ಮ ಕಾಲದಲ್ಲಿ ನಾಣ್ಯ ಕೊಟ್ಟು ಯಾರೂ ಏನನ್ನೂ ಕೊಳ್ಳುವುದಿಲ್ಲ. ನಾಡು ಹುಟ್ಟಿದ ದಿನದಂದು ಮನೆಗೊಂದು ನಾಣ್ಯ ಹಂಚುತ್ತಾರೆ, ಜನ ಅದನ್ನು ಬಾಗಿಲ ಚೌಕಟ್ಟಿಗೆ ಕೂರಿಸಿ ಅರಿಶಿನ ಹಚ್ಚುತ್ತಾರೆ. ಆ ದಿನಕ್ಕೆ ನಾವು ‘ನಾಡಹುಟ್ಟು’ ಎನ್ನುತ್ತೇವೆ. ತೇಲುಕೇರಿ ಎಂದರೆ ಖಾಲಿ ಪೀಪಾಯಿಗಳ ಮೇಲೆ ಹಲಗೆ ಹಾಸಿ, ಮನೆಗೆ ಮನೆ ಹಗ್ಗದಿಂದ ಬಿಗಿದ ಓಣಿ. ಒಬ್ಬಳು ಜೋಳದ ರೊಟ್ಟಿ ಬಡಿದರೆ ಪಕ್ಕದ ಮೂರು ಮನೆಯ ಪಾತ್ರೆಗಳು ಅಲುಗುತ್ತವೆ, ಅವಳ ಸಿಟ್ಟು ಎಷ್ಟೆಂದು ಓಣಿಗೆಲ್ಲ ತಿಳಿಯುತ್ತದೆ. ಓಡಾಡಲು ಬಿಸಿಲುದೋಣಿಗಳಿವೆ. ಬಿಸಿಲು ಕುಡಿದು ತಾವೇ ಸಾಗುತ್ತವೆ, ಯಾರೂ ಕೈ ಆಡಿಸಬೇಕಿಲ್ಲ. ಹಾಗಾಗಿ ದೋಣಿ ನಡೆಸುವ ಮರದ ಕೋಲಿಗೆ ಹುಟ್ಟು ಎಂಬ ಹೆಸರಿತ್ತೆಂದು ಇಂದಿನ ಮಕ್ಕಳಿಗೆ ಗೊತ್ತಿಲ್ಲ. ನನಗೆ ಗೊತ್ತಿತ್ತು. ನನಗೆ ಗೊತ್ತಿಲ್ಲದಿದ್ದರೆ ಇನ್ಯಾರಿಗೆ?

ಮೇಲಿನ ಅಣೆಕಟ್ಟುಗಳೆಲ್ಲ ಒಡೆದು ಊರೂರೇ ಮುಳುಗಿದ ವರ್ಷ ನನಗೆ ನಾಲ್ಕು ವರ್ಷವಿರಬಹುದು. ಒಂದು ಬೇವಿನ ಮರದ ತುದಿಯಲ್ಲಿ ಸಿಕ್ಕಿಕೊಂಡಿದ್ದೆನಂತೆ. ಹದಿನೇಳರ ಬಾಳವ್ವ ಒಬ್ಬಳೇ ಹರಿಗೋಲು ತಂದು ತನ್ನ ಹುಟ್ಟು ಚಾಚಿದಳು. ಚಳಿಗೆ ನನ್ನ ಬೆರಳು ಮಡಚಲಿಲ್ಲ. “ಕಚ್ಚಿ ಹಿಡಿ ತಮ್ಮಾ, ಬಿಡಬ್ಯಾಡ” ಎಂದು ಕೂಗಿದಳಂತೆ. ಕಚ್ಚಿದೆ. ಆ ಹಲ್ಲಿನ ಗುರುತು ಹುಟ್ಟಿನ ತುದಿಯಲ್ಲಿ ಉಳಿಯಿತು. ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸಿ, “ನಮ್ಮ ತಮ್ಮ ಆಗಿಂದಾನಽ ಕಟಿಗಿ ಕೆತ್ತಾಂವ” ಎಂದು ನಗುತ್ತಿದ್ದಳು. ನನ್ನ ಹೆತ್ತವರು ಸಿಗಲಿಲ್ಲ. ನನ್ನ ಹೆಸರು, ಮನೆತನ, ಅನ್ನ ಎಲ್ಲವೂ ಅಕ್ಕ ಕೊಟ್ಟಿದ್ದು. ಅವಳು ಮದುವೆಯಾಗಲಿಲ್ಲ.

ಆರು ವರ್ಷದ ಮೇಲೆ, ದಿಕ್ಕಿಗೊಬ್ಬರಾಗಿ ಕಾದಾಡುತ್ತಿದ್ದ ಐವರು ಮುಖಂಡರನ್ನು ಅವಳೇ ಹರಿಗೋಲಿನಲ್ಲಿ ಕೂರಿಸಿಕೊಂಡು ಹೊರಟಳು. ನಡುನೀರಿನಲ್ಲಿ ಅವರು ಗಡಿಗಾಗಿ ಬೈದಾಡತೊಡಗಿದರು. ಅಕ್ಕ ಹುಟ್ಟನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. “ನೀವು ಒಪ್ಪೂತನಾ ದಂಡಿ ಕಾಣಂಗಿಲ್ಲ ನೋಡ್ರಿ” ಎಂದಳು. ಹರಿಗೋಲು ಬುಗುರಿಯಂತೆ ಸುತ್ತಿತು. ಇಬ್ಬರು ವಾಂತಿ ಮಾಡಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಒಪ್ಪಂದವಾಯಿತು. ಹಿನ್ನೀರನಾಡು ಹುಟ್ಟಿದ್ದು ಹಾಗೆ. ಒಪ್ಪಂದದ ಕೆಳಗೆ ಆರನೆಯದಾಗಿ ಅವಳ ಹೆಬ್ಬೆಟ್ಟಿನ ಗುರುತಿದೆ.

ಈ ವರ್ಷ ಅರವತ್ತು ತುಂಬಿತು. ಸ್ಥಾಪಕರ ನೆನಪಿಗೆ ನಾಣ್ಯವೆಂದು ತೀರ್ಮಾನವಾಗಿ ಟಂಕಸಾಲೆಯ ಸಮಿತಿಯಿಂದ ನನಗೊಂದು ಚೀಟಿ ಬಂತು: “ಸುತ್ತ ಐವರ ಮುಖ. ನಡುವೆ ಹುಟ್ಟು.” ಒಪ್ಪಂದಕ್ಕೆ ಗುರುತು ಹಾಕಿದವರು ಆರು ಜನ, ಚೀಟಿಯಲ್ಲಿ ಐವರೇ. ಮೈಯೆಲ್ಲ ಉರಿಯಿತು. ಅಕ್ಕನನ್ನು ಮರೆತರಲ್ಲ ಎಂದು ಸಮಿತಿಗೆ ಹೋಗಿ ಜಗಳವಾಡಬೇಕಿತ್ತು. ಆಡಲಿಲ್ಲ. ನೌಕರಿಯವನು ನಾನು, ಹಲ್ಲು ಕಚ್ಚಿ ಸುಮ್ಮನಾದೆ. ಆ ಸಿಟ್ಟಿನಲ್ಲೇ ಉಳಿದದ್ದನ್ನು ಓದಿದೆ. ಹುಟ್ಟು ಎಂದರೆ ನಾಡಹುಟ್ಟು ಎಂದುಕೊಂಡು ನೀರಿನಿಂದ ಮೇಲೇಳುವ ಸೂರ್ಯನನ್ನು ಕೆತ್ತಿದೆ. ಸಮಿತಿಗೆ ಹೊಸದಾಗಿ ಬಂದವರು ನೋಡಿ ಭೇಷ್ ಎಂದರು.

ಹಂಚುವವರೆಗೆ ನಾಣ್ಯದ ಚಿತ್ರವನ್ನು ಮನೆಯವರಿಗೂ ಹೇಳಬಾರದೆಂದು ನಾವು ಆಣೆ ಮಾಡಿರುತ್ತೇವೆ. ಅಕ್ಕ ದಿನವೂ ಕೆಣಕುತ್ತಿದ್ದಳು. “ಏನ್ ಕೆತ್ತಾಕತ್ತೀಯೋ?” ಹೇಳುವ ಹಾಗಿಲ್ಲ ಎಂದರೆ, “ಬ್ಯಾಡ ಬಿಡು, ನನಗೇನ್ ಗೊತ್ತಿಲ್ಲೇನು?” ಎಂದು ಬೊಚ್ಚುಬಾಯಿ ತುಂಬ ನಗುತ್ತಿದ್ದಳು. ತನ್ನನ್ನು ಬಿಟ್ಟಿದ್ದು ಇವಳಿಗೆ ಗೊತ್ತಿಲ್ಲವಲ್ಲ ಎಂದು ನಾನು ಒಳಗೊಳಗೇ ಸಾಯುತ್ತಿದ್ದೆ.

ನಾಡಹುಟ್ಟಿನ ಬೆಳಿಗ್ಗೆ, ಕೆತ್ತಿದವನಿಗೆಂದು ಕೊಡುವ ಹೆಚ್ಚಿನ ನಾಣ್ಯವನ್ನು ಅವಳ ಅಂಗೈಗೆ ಇಟ್ಟೆ. ಎಂಬತ್ಮೂರರ ಕಣ್ಣಿಗೆ ಪೊರೆ ಬಂದಿತ್ತು, ಹೆಬ್ಬೆರಳಿನಿಂದ ಸವರಿದಳು. ಒಂದೊಂದೇ ಮೂಗು ಮುಟ್ಟಿ ಐವರನ್ನೂ ಗುರುತಿಸಿ, ಯಾರು ಯಾರು ವಾಂತಿ ಮಾಡಿಕೊಂಡವರೆಂದು ನೆನಪಿಸಿಕೊಂಡಳು. ಆಮೇಲೆ ಬೆರಳು ನಡುವಿಗೆ ಬಂತು. ಅಲ್ಲೇ ಸುತ್ತಿತು, ಮತ್ತೆ ಸುತ್ತಿತು.

“ಇಲ್ಲಿ ದುಂಡಗೈತಲ್ಲೋ. ಏನಿದು?”

ಸೂರ್ಯ ಎಂದೆ. ಅವಳು ನಾಣ್ಯವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. “ಚಲೋ ಆಗೇತಿ ತಮ್ಮಾ. ಬೆಳಕೂ ಬೇಕಲ್ಲ” ಎಂದಳು. ಒಂಬತ್ತನೆಯ ದಿನ ತೀರಿಕೊಂಡಳು. ಮುಷ್ಟಿ ಬಿಡಿಸಿದಾಗ ಆ ನಾಣ್ಯ ಒಳಗಿತ್ತು.

ಮಾತಾಡಿಸಿ ಹೋಗಲು ಬಂದವರಲ್ಲಿ ಲಾಲಸಾಬ ನದಾಫರೂ ಇದ್ದರು. ಆ ಚೀಟಿ ಬರೆದ ಗುಮಾಸ್ತರು ಅವರೇ. ಬರೆದ ಮರುವಾರವೇ ನಿವೃತ್ತಿಯಾಗಿ ದೂರದ ಮಗಳ ಕೇರಿಗೆ ಹೋಗಿದ್ದರು. ಬಾಗಿಲ ಚೌಕಟ್ಟಿನ ಮೇಲಿದ್ದ ನಮ್ಮ ಮನೆಯ ನಾಣ್ಯವನ್ನು ಬೆರಳಿನಿಂದ ಮುಟ್ಟಿ ನೋಡಿದರು. “ಹುಟ್ಟು ಎಲ್ಲೈತಿ, ಬಸಪ್ಪಾ?” ಎಂದರು. ಆರೂ ಜನರ ಮುಖ ಹಾಕುವುದೆಂದೇ ಇತ್ತಂತೆ. ಒಪ್ಪಿಗೆ ಕೇಳಲು ಇವರು ಮನೆಗೆ ಬಂದಾಗ ಅಕ್ಕ ಕೈಮುಗಿದಳಂತೆ: “ನನ್ನ ಮಾರಿ ಬ್ಯಾಡ್ರಿ ಸಾಹೇಬ್ರ, ಸುಕ್ಕಾಗೇತಿ. ನನ್ನ ಹುಟ್ಟು ಹಾಕ್ರಿ. ಅದ್ರಾಗ ನಮ್ಮ ತಮ್ಮನ ಹಲ್ಲಿನ ಗುರ್ತು ಐತಿ, ಅವನೂ ನನ್ನ ಕೂಡ ಇರತಾನ.” ನೀನು ಆ ಮನೆಯಲ್ಲಿ ಬೆಳೆದವನು, ನಿನಗೆ ಬಿಡಿಸಿ ಬರೆಯುವುದೇನೆಂದು ಎರಡೇ ಸಾಲು ಬರೆದೆ ಎಂದು ಮುದುಕರು ಅತ್ತರು. ನಾನೂ ಅತ್ತೆ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ನನ್ನ ಬುಡದಲ್ಲಿದ್ದ ಕತ್ತಲೆಗೆ ಹೆಸರಿಲ್ಲ. ಅವಳು ಅಷ್ಟು ದಿನ ನಕ್ಕಿದ್ದು ನಾನು ಅದನ್ನೇ ಕೆತ್ತುತ್ತಿದ್ದೇನೆಂದು.

ಅಚ್ಚುಗಳನ್ನು ನಿಯಮದಂತೆ ಒಡೆದಾಗಿತ್ತು. ನಾಡಿನ ಚೌಕಟ್ಟುಗಳಲ್ಲೆಲ್ಲ ಸೂರ್ಯ ಕೂತಾಗಿತ್ತು. ಮಿಂಚಿಹೋದ ಮಾತಿಗೆ ನಾನೇನು ಮಾಡಲಿ? ಅವಳ ಮುಷ್ಟಿಯಲ್ಲಿದ್ದ ಆ ಒಂದೇ ನಾಣ್ಯವನ್ನು ತೆಗೆದುಕೊಂಡು, ನಡುವಿನ ಸೂರ್ಯನನ್ನು ಸಮ ತಟ್ಟಿ, ಅಲ್ಲಿ ಹುಟ್ಟು ಕೆತ್ತಿದೆ. ನಾಣ್ಯ ಕೆಡಿಸುವುದು ನಮ್ಮಲ್ಲಿ ಅಪರಾಧ. ನೀವು ಇದನ್ನು ಓದುವ ಹೊತ್ತಿಗೆ ನನ್ನನ್ನು ಹಿಡಿಯಲು ಯಾರೂ ಬರಲಾರರು.

ಆ ನಾಣ್ಯ ಈ ಕಾಗದದ ಮಡಿಕೆಯಲ್ಲಿದೆ. ನಿಮ್ಮಲ್ಲಿ ಹುಟ್ಟು ಎಂದರೆ ಜನನವೊಂದೇ ಆಗಿದ್ದರೆ, ಅದು ಮರದ್ದೂ ಆಗಿತ್ತೆಂದು ಮಕ್ಕಳಿಗೆ ಹೇಳಿ. ಬಾಳವ್ವ ಎಂಬ ಹೆಸರನ್ನು ಒಮ್ಮೆ ಬಾಯಿಬಿಟ್ಟು ಅನ್ನಿ. ನಾಣ್ಯವನ್ನು ಗಾಜಿನೊಳಗಿಟ್ಟು ದೂರದಿಂದ ನೋಡಬೇಡಿ. ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ನಡುವೆ ಸವರಿ. ಉದ್ದಕ್ಕೆ ಒಂದು ಕೋಲು ಸಿಗುತ್ತದೆ. ಅದರ ತುದಿಯಲ್ಲಿ ನಾಲ್ಕು ಸಣ್ಣ ತಗ್ಗುಗಳಿವೆ. ಮುದುಕನ ಉಳಿ ಜಾರಿದೆ ಎಂದುಕೊಳ್ಳಬೇಡಿ. ಅವು ನನ್ನ ಹಲ್ಲು. ನಾನಿನ್ನೂ ಬಿಟ್ಟಿಲ್ಲ.