ಅರ್ಧ ಹೋರಿಯ ಬಾಡಿಗೆ

ಮೈಲ್ಸ್ ಸಿಟಿ, ಮೊಂಟಾನಾ
ಅಕ್ಟೋಬರ್ 9

ಪ್ರೀತಿಯ ಲೈಲ್,

ಆರೋಗ್ಯವಾಗಿದ್ದೀಯಾ? ಮೂರು ವಾರದಿಂದ ಕಾಗದ ಹಾಕಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಆ ಎಣ್ಣೆಬಾವಿಯ ಕ್ಯಾಂಪಿನಿಂದ ನೀನು ‘ಹ್ಞೂಂ, ಆಮೇಲೆ ಮಾತಾಡೋಣ’ ಎನ್ನುತ್ತೀಯಲ್ಲ, ಅದನ್ನು ಕೇಳುವ ತಾಳ್ಮೆ ಈಗ ನನಗಿಲ್ಲ.

ವಿಹಾರಕ್ಕೆಂದು ಕೊಂಡ ನಮ್ಮ ಟ್ರೇಲರನ್ನು ಪೊಲೀಸರು ಹಿಡಿದರು. ಗಾಬರಿಯಾಗಬೇಡ, ಮನೆ ಮುಂದೆಯೇ ನಿಂತಿದೆ.

ಪಕ್ಕದ ಆರ್ವಿಲ್ ಹೌಗ್‌ಗೆ ಬಿಲ್ಲಿಂಗ್ಸ್‌ನಿಂದ ಹುಲ್ಲು ಕಟ್ಟುವ ಯಂತ್ರದ ಎರಡು ಭಾಗ, ಮಗಳ ಮನೆಯ ಹಳೇ ಸೋಫಾ ತರಬೇಕಿತ್ತು. ಮುಂದೆ ಮಲಗುವ ಕೋಣೆ, ಹಿಂದೆ ಬೈಕು ಹತ್ತಿಸುವ ಇಳಿಜಾರು ಬಾಗಿಲು ಇರುವ ಟ್ರೇಲರ್ ಊರಿಗೆಲ್ಲ ನಮ್ಮದೊಂದೇ. ಹಾಗಾಗಿ ಎಲ್ಲರ ಕಣ್ಣೂ ಅದರ ಮೇಲೆ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಓಡಿಸಿಕೊಂಡು ಹೋದೆ. ವಾಪಸು ಬರುವಾಗ ಹಿಂದಿನ ದೀಪ ಕೆಟ್ಟಿದೆಯೆಂದು ಕೆಪ್ಲರ್ ಎಂಬ ಹೈವೇ ಪೊಲೀಸ್ ಹುಡುಗಿ ನಿಲ್ಲಿಸಿದಳು. ಮರ್ಯಾದಸ್ಥೆ. ಸಾಮಾನು ಪಕ್ಕದ ಮನೆಯವರದ್ದು ಎಂದೆ. ಸಹಾಯಕ್ಕೆ ತರುತ್ತಿದ್ದೀರಾ ಎಂದು ಕೇಳಿದಳು. ನಾನು ತಲೆ ಆಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಷ್ಟರಲ್ಲಿ ಪಕ್ಕದ ಸೀಟಿನಿಂದ ಆರ್ವಿಲ್ ಬಗ್ಗಿದ.

“ಸಹಾಯ ಗಿಹಾಯ ಏನಿಲ್ಲಮ್ಮ. ನಾನು ಯಾರ ಹತ್ರನೂ ಪುಕ್ಕಟೆ ಕೆಲಸ ಮಾಡಿಸ್ಕೊಂಡೋನಲ್ಲ. ಅರ್ಧ ಹೋರಿ ಕೊಡ್ತಿದೀನಿ. ಮಾಂಸ ಕಡಿಸಿ ಪೊಟ್ಟಣ ಕಟ್ಟಿಸಿ ಆಗಿದೆ.”

ಮೊಣಕೈಯಿಂದ ತಿವಿದೆ. ಅವನಿಗೆ ಇನ್ನೂ ಹುರುಪು ಬಂತು. ಹಿಂದೆ ನಾನು ಒಲೆ ಸಾಗಿಸಿದ್ದಕ್ಕೆ ಒಬ್ಬರು ಕೊಟ್ಟ ಮೊಟ್ಟೆ, ಜೇನುಪೆಟ್ಟಿಗೆ ಸಾಗಿಸಿದ್ದಕ್ಕೆ ಇನ್ನೊಬ್ಬರು ಕೊಟ್ಟ ಜೇನುತುಪ್ಪ, ಎಲ್ಲವನ್ನೂ ನಮ್ಮೂರಿನ ಘನತೆ ಎಂಬಂತೆ ಒಪ್ಪಿಸಿಬಿಟ್ಟ. ಇಲ್ಲಿಯವರಿಗೆ ಋಣ ಇಟ್ಟುಕೊಳ್ಳುವುದೆಂದರೆ ಸಾವಿಗೆ ಸಮ, ನಿನಗೇ ಗೊತ್ತು.

ಆ ಹುಡುಗಿ ಪುಸ್ತಕ ತೆಗೆದಳು. “ಬಾಡಿಗೆ ಅಂದ್ರೆ ಬರೀ ದುಡ್ಡಲ್ಲ ಮೇಡಂ. ಹೋರಿನೂ ಬಾಡಿಗೇನೇ.”

ಸ್ವಂತ ವಿಹಾರಕ್ಕಾದರೆ ನನ್ನ ಲೈಸೆನ್ಸ್ ಸಾಕಂತೆ. ಪರರ ಸರಕು ಒಯ್ದು ಏನಾದರೂ ಪಡೆದರೆ ಸಾಗಣೆದಾರರ ನಂಬರು ಗಾಡಿಯ ಬಾಗಿಲ ಮೇಲೆ ಬರೆಸಬೇಕು, ಡಾಕ್ಟರ ಸರ್ಟಿಫಿಕೇಟು ಬೇಕು, ಬೇರೆ ವಿಮೆ ಬೇಕು. ತೂಕ ಮಿತಿ ದಾಟಿದರೆ ದೊಡ್ಡ ಲಾರಿಯ ಲೈಸೆನ್ಸೇ ಬೇಕು. ಸೋಮವಾರ ವಾಹನ ನೋಂದಣಿ ಕಚೇರಿಗೆ ಹೋದರೆ ಮೊದಲ ಕಿಟಕಿಯವಳು ಎರಡನೆಯದಕ್ಕೆ ಕಳಿಸಿದಳು, ಅಲ್ಲಿದ್ದವನು ಮೊದಲನೆಯದಕ್ಕೆ. ವಿಮೆಯವನಂತೂ ಒಂದು ಮೊಟ್ಟೆ ಮುಟ್ಟಿದರೂ ಈಗಿರುವ ವಿಮೆ ರದ್ದು ಎಂದ. ನನಗೆ ತಲೆ ಚಿಟ್ಟು ಹಿಡಿದುಹೋಯಿತು.

ಮಾಂಸ ಬೇಡವೆಂದು ಆರ್ವಿಲ್‌ಗೆ ಹೇಳಿದೆ. ಮುಖ ಊದಿಸಿಕೊಂಡು ಹೋದವನು, ನಾನಿಲ್ಲದಾಗ ಬಂದು ನಮ್ಮ ಫ್ರೀಜರಿಗೆ ತುಂಬಿಸಿ ಹೋಗಿದ್ದಾನೆ. ವಾಪಸು ಕೊಟ್ಟರೆ ಜನ್ಮದಲ್ಲಿ ಮಾತಾಡುವುದಿಲ್ಲ, ಇಟ್ಟುಕೊಂಡರೆ ನಾನು ಲಾರಿಯವಳು.

ಕೊನೆಗೆ ಕಚೇರಿಯವರು ಒಂದು ಅರ್ಜಿ ಕೊಟ್ಟರು. ಇದು ವಿಹಾರದ ಟ್ರೇಲರೋ ಬಾಡಿಗೆಯದೋ ಎಂದು ಈ ತಿಂಗಳ 30ರೊಳಗೆ ಬರೆದುಕೊಡಬೇಕು. ನಮ್ಮಿಬ್ಬರ ಹೆಸರಲ್ಲಿರುವುದರಿಂದ ನಿನ್ನ ಸಹಿಯೂ ಬೇಕು. ಅರ್ಜಿ ಇದರೊಳಗೇ ಇದೆ, ಸಹಿ ಹಾಕಿ ಕೂಡಲೇ ಹಿಂದಿರುಗಿಸು.

ಕಾಗದದ ಜೊತೆ ಉಣ್ಣೆಯ ಕೈಗವಸು ಇಟ್ಟಿದ್ದೇನೆ, ಹಾಕಿಕೋ. ದೇವರು ನಿನ್ನ ಕೈಕಾಲು ಗಟ್ಟಿಯಾಗಿಟ್ಟಿರಲಿ.

ನಿನ್ನ
ನೇಡೀನ್

ಮರೆತದ್ದು: ಅರ್ಜಿಯಲ್ಲಿ ಇನ್ನೊಂದು ಪ್ರಶ್ನೆಯಿದೆ. ಕೊಂಡಾಗಿನಿಂದ ವಿಹಾರಕ್ಕೆ ಎಷ್ಟು ರಾತ್ರಿ ಬಳಸಿದ್ದೀರಿ ಎಂದು. ಆರು ವರ್ಷವಾಯಿತು ಲೈಲ್. ಪ್ರತಿ ಜೂನ್‌ನಲ್ಲೂ ನೀನು ಮುಂದಿನ ಜೂನ್‌ಗೆ ಹೋಗೋಣ ಎಂದೆ. ಮೊನ್ನೆ ಟ್ರೇಲರಿನ ಮಲಗುವ ಕೋಣೆಯ ಬಾಗಿಲು ತೆಗೆದು, ಹಾಸಿಗೆಯಲ್ಲಿ ನನ್ನ ಪಾಲಿನ ಬದಿಗೆ ಮಲಗಿ ನೋಡಿದೆ. ಅದರ ಮೇಲೆ ಕಾರ್ಖಾನೆಯ ಪ್ಲಾಸ್ಟಿಕ್ ಇನ್ನೂ ಹಾಗೆಯೇ ಇದೆ. ಸಾಮಾನು ಸಾಗಿಸಲು ಕರೆದವರಿಗೆಲ್ಲ ನಾನು ಹ್ಞೂಂ ಅಂದದ್ದು ಮೊಟ್ಟೆಗಲ್ಲ, ಮಾಂಸಕ್ಕಲ್ಲ. ನಾವು ಕೊಂಡದ್ದು ಎಲ್ಲಿಗಾದರೂ ಹೋಗಲಿ ಎಂದು. ಉತ್ತರದ ಜಾಗದಲ್ಲಿ ಪೆನ್ಸಿಲ್‌ನಿಂದ ಸೊನ್ನೆ ಬರೆದಿದ್ದೇನೆ. 30ರೊಳಗೆ ಒಂದು ರಾತ್ರಿಯ ಮಟ್ಟಿಗೆ ಬಂದರೆ ಅಳಿಸುತ್ತೇನೆ. ಬರದಿದ್ದರೆ ಅದರ ಮೇಲೆಯೇ ಶಾಯಿ ಎಳೆದು, ಬಾಡಿಗೆಯದು ಎಂದು ಬರೆದುಕೊಡುತ್ತೇನೆ.