ನಾನು ಇಟ್ಟದ್ದಲ್ಲ

ನವೆಂಬರ್ ೧೪, ಶುಕ್ರವಾರ

ಹನ್ನೊಂದು ತಿಂಗಳ ಮೇಲೆ ಇವತ್ತು ಸಂಜೆ ಅಕ್ಕ ತಾನಾಗಿಯೇ ಫೋನ್ ಮಾಡಿದಳು. ಈ ಮನೆಯಲ್ಲಿ ಸಿಗ್ನಲ್ ಸಿಗುವುದು ಅಡುಗೆಮನೆಯ ಕಿಟಕಿಯ ಹತ್ತಿರ ಮಾತ್ರ, ಅದೂ ಸ್ಟೂಲಿನ ಮೇಲೆ ನಿಂತರೆ. ಹತ್ತಿ ನಿಂತೆ.

"ಏನೇ, ಕೋಪ ಇನ್ನೂ ಮೂಗಿನ ತುದೀಲೇ ಇದೆಯಾ?" ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿ, "ಅಮ್ಮನ್ನ ನೋಡ್ಕೊಂಡಿದ್ದು ನಾನೊಬ್ಳೇ ಅಂತ ಅವತ್ತು ನಾನು ಅನ್ನಬಾರದಿತ್ತು ಕಣೇ" ಎಂದಳು.

"ಬಿಡೇ ಅಕ್ಕ, ನಂದೂ ತಪ್ಪಿತ್ತು" ಎನ್ನುವಷ್ಟರಲ್ಲಿ ಲೈನ್ ಹೋಗಿತ್ತು.

ಸಿಟ್ಟು ಬಂದರೆ ಮಾತಿನ ಮಧ್ಯೆ ಫೋನ್ ಇಟ್ಟುಬಿಡುವುದು ಮೊದಲಿಂದಲೂ ನನ್ನ ಚಾಳಿ. ಜಗಳವಾದ ಅವತ್ತೂ ಹಾಗೇ ಮಾಡಿದ್ದೆ.

ಚಪ್ಪಲಿ ಮೆಟ್ಟಿ ರಸ್ತೆಯ ತಿರುವಿನವರೆಗೆ ಓಡಿ ಮತ್ತೆ ಮಾಡಿದೆ. ಭಾವ ಎತ್ತಿದರು. "ಮತ್ತೆ ಇಟ್ಬಿಟ್ಳು ಅಂತ ಅಳ್ತಾ ಕೂತಿದಾಳಮ್ಮ. ಮಾತಾಡಲ್ವಂತೆ."

"ಭಾವ, ನಾನು ಇಡಲಿಲ್ಲ, ನಮ್ಮನೇಲಿ ಸಿಗ್ನಲ್ಲೇ..."

"ಇರಲಿ ಬಿಡಮ್ಮ" ಎಂದರು, ಸುಳ್ಳು ಹೇಳುವ ಮಗುವನ್ನು ಸಮಾಧಾನ ಮಾಡುವ ಹಾಗೆ.

ಮನೆಗೆ ಬಂದು ಕವನಗಳ ಪುಸ್ತಕ ತೆರೆದೆ, ಒಂದು ಸಾಲೂ ಒಳಗಿಳಿಯಲಿಲ್ಲ. ನಿಜ ಹೇಳಿದರೂ ನನ್ನನ್ನು ನಂಬಬಾರದೆಂದು ಇಷ್ಟು ವರ್ಷ ನಾನೇ ಅವಳಿಗೆ ಕಲಿಸಿದ್ದೇನೆ. ನಾಳೆ ಬಸ್ಸು ಹತ್ತಿ ಹೋಗಿ ಬಾಗಿಲು ತಟ್ಟಬಹುದು. ಅವಳು ತೆಗೆಯದೇ ಹೋದರೆ, ಆಗ ದೂರುವುದಕ್ಕೆ ಸಿಗ್ನಲ್ ಕೂಡ ಇರುವುದಿಲ್ಲ.